ಸಿಒಪಿಡಿ ಇನ್‌ಹೇಲರ್‌ಗಳು: ತಕ್ಷಣದ ಆರಾಮವೊಂದೇ ಅಳತೆಗೋಲಲ್ಲ

ದಮ್ಮು ಕಟ್ಟಿದಾಗ ಯಾವುದು ಬೇಗ ಉಸಿರು ಬಿಡಿಸುತ್ತದೆ ಎಂಬುದನ್ನಷ್ಟೇ ನೋಡಿದರೆ, ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವ ಹೆಚ್ಚಿನವರು ಸಾಲ್ಬುಟಮಾಲ್ ಇನ್‌ಹೇಲರಿಗೇ ಪೂರ್ತಿ ಅಂಕ ಕೊಡುತ್ತಾರೆ. ಎಳೆದುಕೊಂಡ ಕೆಲವೇ ನಿಮಿಷಗಳಲ್ಲಿ ಎದೆ ಹಗುರಾಗುವುದು ನಿಜ, ಆದರೆ 4ರಿಂದ 6 ಗಂಟೆಗಳಲ್ಲಿ ಅದರ ಪ್ರಭಾವ ಇಳಿದುಹೋಗುತ್ತದೆ. ವರ್ಷವಿಡೀ ಜೊತೆಗಿರುವ ಕಾಯಿಲೆಗೆ ಕೊಡುವ ಔಷಧವನ್ನು, ಅದು ರೋಗದ ಉಲ್ಬಣವನ್ನು ಎಷ್ಟು ದಿನ ದೂರವಿಡುತ್ತದೆ ಎಂಬುದರಿಂದ ಅಳೆಯಬೇಕೆಂಬುದು ನನ್ನ ಅಭಿಪ್ರಾಯ.

ಹಾಗೆ ಅಳೆಯುವಾಗ ಎದುರುಬದುರಾಗಿ ನಿಲ್ಲುವುದು ದೀರ್ಘಾವಧಿಯ ಎರಡು ಬಗೆಯ ಔಷಧಗಳು. ಸಾಲ್ಮೆಟರಾಲ್, ಫಾರ್ಮೊಟರಾಲ್, ಇಂಡಕಟರಾಲ್‌ಗಳು ಶ್ವಾಸನಾಳದ ಸ್ನಾಯುವನ್ನು ನೇರವಾಗಿ ಸಡಿಲಿಸುತ್ತವೆ. ಟಿಯೋಟ್ರೋಪಿಯಂ, ಗ್ಲೈಕೊಪೈರೋನಿಯಂಗಳು ಆ ಸ್ನಾಯುವನ್ನು ಬಿಗಿಯಾಗಿಸುವ ನರಸಂದೇಶವನ್ನೇ ತಡೆಯುತ್ತವೆ. ಸಾಲ್ಮೆಟರಾಲ್ ಮತ್ತು ಫಾರ್ಮೊಟರಾಲನ್ನು ದಿನಕ್ಕೆ ಎರಡು ಬಾರಿ ತೆಗೆದುಕೊಳ್ಳಬೇಕು, ಇಂಡಕಟರಾಲ್ ಮತ್ತು ಟಿಯೋಟ್ರೋಪಿಯಂಗೆ ದಿನಕ್ಕೊಮ್ಮೆ ಸಾಕು.

ಇವುಗಳಲ್ಲಿ ಒಂದನ್ನೇ ಆರಿಸಬೇಕಾದರೆ ನನ್ನ ಒಲವು ಟಿಯೋಟ್ರೋಪಿಯಂ ಕಡೆಗೆ. 2011ರಲ್ಲಿ ಪ್ರಕಟವಾದ, 7,000ಕ್ಕೂ ಹೆಚ್ಚು ರೋಗಿಗಳನ್ನು ಒಂದು ವರ್ಷ ಗಮನಿಸಿದ ಪೊಯೆಟ್ ಅಧ್ಯಯನದಲ್ಲಿ, ಕಾಲುಭಾಗ ರೋಗಿಗಳು ಮೊದಲ ಉಲ್ಬಣಕ್ಕೆ ತುತ್ತಾಗಲು ಸಾಲ್ಮೆಟರಾಲ್ ಗುಂಪಿನಲ್ಲಿ 145 ದಿನ ಹಿಡಿದರೆ ಟಿಯೋಟ್ರೋಪಿಯಂ ಗುಂಪಿನಲ್ಲಿ 187 ದಿನ ಹಿಡಿಯಿತು. ಸುಮಾರು ಆರು ವಾರಗಳ ಈ ಅಂತರ, ಉಲ್ಬಣವೆಂದರೆ ಏನೆಂದು ಒಮ್ಮೆ ಅನುಭವಿಸಿದವರಿಗೆ ಸಣ್ಣದೆನಿಸದು. ಹಾಗೆಂದು ಇದು ರಾಮಬಾಣವೂ ಅಲ್ಲ. ನಾಲ್ಕು ವರ್ಷ ನಡೆದು 2008ರಲ್ಲಿ ಪ್ರಕಟವಾದ ಅಪ್‌ಲಿಫ್ಟ್ ಅಧ್ಯಯನದಲ್ಲಿ ಅದು ಉಲ್ಬಣಗಳನ್ನು ತಗ್ಗಿಸಿತಾದರೂ ಶ್ವಾಸಕೋಶದ ಸಾಮರ್ಥ್ಯ ಕುಸಿಯುವ ವೇಗವನ್ನು ತಡೆಯಲಿಲ್ಲ. ಬಾಯಿ ಒಣಗುವುದು ಇದರ ಮಾಮೂಲಿ ಕಿರಿಕಿರಿ. ಪ್ರಾಸ್ಟೇಟ್ ತೊಂದರೆಯಿಂದ ಮೂತ್ರ ಕಟ್ಟುವವರು ಮತ್ತು ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಇರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಸಾಲ್ಮೆಟರಾಲ್ ಬಗೆಯ ಔಷಧಗಳಲ್ಲಿ ಕೈನಡುಕ ಮತ್ತು ಎದೆಬಡಿತ ಕಾಣಿಸಿಕೊಳ್ಳಬಹುದು.

ಎರಡೂ ಬಗೆಯನ್ನು ಒಂದೇ ಸಾಧನದಲ್ಲಿ ಸೇರಿಸಿದ ಇನ್‌ಹೇಲರ್‌ಗಳು ಬಂದ ಮೇಲೆ ಹೋಲಿಕೆಯ ಸ್ವರೂಪವೇ ಬದಲಾಯಿತು. 2016ರ ಫ್ಲೇಮ್ ಅಧ್ಯಯನದಲ್ಲಿ ಇಂಡಕಟರಾಲ್ ಮತ್ತು ಗ್ಲೈಕೊಪೈರೋನಿಯಂ ಜೋಡಿಯು, ಸ್ಟಿರಾಯ್ಡ್ ಸೇರಿದ ಸಾಲ್ಮೆಟರಾಲ್‌ಗಿಂತ ಉಲ್ಬಣಗಳನ್ನು ಶೇಕಡಾ 11ರಷ್ಟು ಹೆಚ್ಚು ತಗ್ಗಿಸಿತು. ಏದುಸಿರು ಹೆಚ್ಚಿರುವವರಿಗೆ ಇಂಥ ಜೋಡಿಯಿಂದಲೇ ಆರಂಭಿಸುವುದು ಈಗಿನ ಪದ್ಧತಿ. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಗೆಯ ಬಿಳಿ ರಕ್ತಕಣಗಳು ಹೆಚ್ಚಿದ್ದು ಪದೇ ಪದೇ ಉಲ್ಬಣಗೊಳ್ಳುವವರಿಗೆ ಮಾತ್ರ ಸ್ಟಿರಾಯ್ಡನ್ನೂ ಸೇರಿಸುವುದು ಸಮಂಜಸ.

ಇನ್ನು ಸಾಧನದ ಮಾತು. ಟಿಯೋಟ್ರೋಪಿಯಂನ ಹ್ಯಾಂಡಿಹೇಲರ್‌ನಲ್ಲಿ ಕ್ಯಾಪ್ಸೂಲ್ ಇಟ್ಟು, ಗುಂಡಿ ಒತ್ತಿ ಚುಚ್ಚಿ, ಉಸಿರೆಳೆದರೆ ಒಳಗೆ ಕ್ಯಾಪ್ಸೂಲ್ ಅದುರುವ ಸದ್ದು ಕೇಳಿಸಬೇಕು. ಮೊದಲ ವಾರ ನಾನು ಒಮ್ಮೆ ಎಳೆದು ಮುಗಿಯಿತೆಂದುಕೊಂಡಿದ್ದೆ. ಒಂದು ದಿನ ಕ್ಯಾಪ್ಸೂಲನ್ನು ಬಿಚ್ಚಿ ನೋಡಿದರೆ ಒಳಗೋಡೆಗೆ ಬಿಳಿ ಪುಡಿ ಮೆತ್ತಿಕೊಂಡೇ ಇತ್ತು. ಒಂದೇ ಕ್ಯಾಪ್ಸೂಲಿನಿಂದ ಎರಡು ಸಲ ಎಳೆಯಬೇಕೆಂಬ ಸೂಚನೆ ಚೀಟಿಯಲ್ಲಿತ್ತು, ನಾನೇ ಓದಿರಲಿಲ್ಲ. ಸಾಧನದೊಳಗೆ ಉಸಿರು ಬಿಟ್ಟರೆ ತೇವಕ್ಕೆ ಪುಡಿ ಗಂಟುಕಟ್ಟುತ್ತದೆ ಎಂಬುದನ್ನೂ ಮರೆಯಬಾರದು. ಸಾಮಾನ್ಯ ಪಫ್ ಇನ್‌ಹೇಲರಿನಲ್ಲಿ ನಿಧಾನವಾಗಿ ಎಳೆದು 10 ಸೆಕೆಂಡು ಉಸಿರು ಹಿಡಿಯಬೇಕು. ಒತ್ತುವುದು ಮತ್ತು ಎಳೆಯುವುದು ಹೊಂದದಿದ್ದರೆ ಸ್ಪೇಸರ್ (ಔಷಧವನ್ನು ಕ್ಷಣಕಾಲ ಹಿಡಿದಿಡುವ ಕೊಳವೆ) ಜೋಡಿಸಿಕೊಳ್ಳುವುದೇ ಲೇಸು. ಪುಡಿಯನ್ನು ಎಳೆಯುವಷ್ಟು ಉಸಿರಿನ ಬಲವಿಲ್ಲದವರಿಗೆ, ಔಷಧವನ್ನು ಮಂಜಿನಂತೆ ಮೆಲ್ಲಗೆ ಹೊರಬಿಡುವ ರೆಸ್ಪಿಮ್ಯಾಟ್ ಸಾಧನ ಹೆಚ್ಚು ಅನುಕೂಲ. ಆದರೆ ಬಳಸುವ ಮುನ್ನ ಅದರ ಬುಡವನ್ನು ಪ್ರತಿ ಸಲವೂ ಅರ್ಧ ಸುತ್ತು ತಿರುಗಿಸಬೇಕಾದ್ದರಿಂದ, ಸಂಧಿವಾತದಿಂದ ಬೆರಳು ಸೆಟೆದವರು ಬರೆಸಿಕೊಳ್ಳುವ ಮೊದಲೇ ಮಾದರಿ ಸಾಧನವೊಂದನ್ನು ಕೇಳಿ ಪಡೆದು ವೈದ್ಯರ ಎದುರಿಗೇ ತಿರುಗಿಸಿ ನೋಡಬೇಕು.