ಸ್ತನ ಕ್ಯಾನ್ಸರಿನ ಫಿಶ್ ರಿಪೋರ್ಟಿನ ಕೊನೆಯ ಸಾಲು ಮಾತ್ರ ನೋಡಿ ಸುಮ್ಮನಾಗ್ಬೇಡಿ, ನಮ್ಮಕ್ಕನಿಗೆ ಆದದ್ದು ಹೇಳ್ತೇನೆ

ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯವ್ರು ದಯವಿಟ್ಟು ಪೂರ್ತಿ ಓದಿ, ಮನೆಯಲ್ಲಿ ಯಾರಿಗಾದ್ರೂ ಸ್ತನ ಕ್ಯಾನ್ಸರ್ ಅಂತ ಆಗಿದ್ರೆ ಫೈಲ್ ಪಕ್ಕದಲ್ಲಿ ಇಟ್ಕೊಂಡೇ ಓದಿ.

ಕಳೆದ ವರ್ಷ ಅಕ್ಕನಿಗೆ ಎಡಗಡೆ ಗಡ್ಡೆ ಕೈಗೆ ಸಿಕ್ಕಿತು. ತಲಪಾಡಿ ದಾಟಿ ಮಂಗಳೂರಿಗೆ ಹೋದೆವು, ನಾವೆಲ್ಲ ಹೋಗುದು ಅಲ್ಲಿಗೇ ಅಲ್ವಾ. ಬಯಾಪ್ಸಿಯಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎರಡೂ ನೆಗೆಟಿವ್, ಹರ್ 2 ಅನ್ನುವ, ಕ್ಯಾನ್ಸರ್ ಸೆಲ್ ಬೆಳೆಸುವ ಪ್ರೊಟೀನ್ ಮಾತ್ರ 2+. ಅದು 3+ ಆದ್ರೆ ಪಾಸಿಟಿವ್, 0 ಅಥವಾ 1+ ಆದ್ರೆ ನೆಗೆಟಿವ್, 2+ ಅಂದ್ರೆ ಅತ್ಲಾಗೂ ಅಲ್ಲ ಇತ್ಲಾಗೂ ಅಲ್ಲ, ಗಡ್ಡೆಯ ಸೆಲ್ಲಲ್ಲಿ ಹರ್ 2 ಜೀನ್ ಎಷ್ಟುಂಟು ಅಂತ ಎಣಿಸುವ ಫಿಶ್ ಟೆಸ್ಟ್ ಮಾಡಿಯೇ ನೋಡ್ಬೇಕು ಅಂದ್ರು. ರಿಪೋರ್ಟ್ ಬಂತು, ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ನೆಗೆಟಿವ್, ಅದ್ರ ಕೆಳಗೆ ಸಣ್ಣದಾಗಿ ಪಾಲಿಸೋಮಿ 17, ಅಂದ್ರೆ ಸೆಲ್ಲಲ್ಲಿ 17ನೇ ಕ್ರೋಮೋಸೋಮ್ ಹೆಚ್ಚಿದ ಹಾಗೆ ಕಾಣ್ತದೆ ಅಂತ. ಡಾಕ್ಟ್ರು ಟ್ರಿಪಲ್ ನೆಗೆಟಿವ್, ಅಂದ್ರೆ ಮೂರೂ ನೆಗೆಟಿವ್ ಅಂತ ಹೇಳಿ ಕೀಮೋ ಶುರು ಮಾಡಿದ್ರು, ಆರು ಸೈಕಲ್ ಮುಗೀತು.

ಆಮೇಲೆ ಬೇರೆ ಕಡೆ ತೋರಿಸ್ಲಿಕ್ಕೆ ಹೋದಾಗ ಅಲ್ಲಿನ ಮೇಡಂ ಸೀದಾ ನಂಬರಿಗೆ ಬೆರಳಿಟ್ರು. ಒಂದು ಸೆಲ್ಲಿಗೆ ಹರ್ 2 ಸರಾಸರಿ 6.8, ಸೆಪ್ 17 ಸರಾಸರಿ 4.2, ರೇಶಿಯೋ 1.6.

ಎಂತ ಸಂಗತಿ ಅಂದ್ರೆ ಹರ್ 2 ಜೀನ್ ಇರುದು 17ನೇ ಕ್ರೋಮೋಸೋಮಲ್ಲಿ. ಫಿಶ್ ಮಾಡುವಾಗ ಹೊಳೆಯುವ ಎರಡು ಬಣ್ಣ ಹಾಕ್ತಾರೆ, ಒಂದು ಹರ್ 2ಗೆ, ಇನ್ನೊಂದು ಅದೇ ಕ್ರೋಮೋಸೋಮಿನ ಸೊಂಟದ ಹಾಗಿರುವ ಸೆಂಟ್ರೋಮಿಯರಿಗೆ, ಅದೇ ಸೆಪ್ 17, ಮತ್ತೆ ಚುಕ್ಕೆ ಎಣಿಸಿ ಹರ್ 2ನ್ನು ಸೆಪ್ 17ರಿಂದ ಭಾಗಿಸುದು, ಅದೇ ರೇಶಿಯೋ. ರೇಶಿಯೋ 2 ಅಥವಾ ಜಾಸ್ತಿ, ಹರ್ 2 ಸರಾಸರಿಯೂ 4 ಅಥವಾ ಜಾಸ್ತಿ ಇದ್ರೆ ಪಾಸಿಟಿವ್. ಆದ್ರೆ ಗಡ್ಡೆಯ ಸೆಲ್ಲಲ್ಲಿ ಸೆಪ್ 17 ಚುಕ್ಕೆಯೂ ಹೆಚ್ಚಾಗಿದ್ರೆ ರೇಶಿಯೋ ಇಳೀತದೆ. ತೂಗುವ ಕಲ್ಲೇ ಭಾರ ಇದ್ರೆ ಅಡಿಕೆ ಎಷ್ಟಿದ್ರೂ ತೂಕ ಕಮ್ಮಿಯೇ ಬರುದಲ್ವಾ, ಹಾಗೆ.

ಇದಕ್ಕೆ ನಿಯಮ ಉಂಟು. ಅಮೆರಿಕದ ಕ್ಯಾನ್ಸರ್ ಡಾಕ್ಟ್ರ ಸಂಘ ಆಸ್ಕೋ ಮತ್ತು ಪೆಥಾಲಜಿಸ್ಟ್‌ಗಳ ಸಂಘ ಕ್ಯಾಪ್ 2018ರಲ್ಲಿ ಹೊರಡಿಸಿದ ಗೈಡ್‌ಲೈನಲ್ಲೇ ಉಂಟು, ರೇಶಿಯೋ 2ಕ್ಕಿಂತ ಕಮ್ಮಿ ಇದ್ದು ಹರ್ 2 ಸರಾಸರಿ 6 ಅಥವಾ ಜಾಸ್ತಿ ಇದ್ರೆ, ಬಯಾಪ್ಸಿಯಲ್ಲಿ 2+ ಇದ್ರೆ, ಮೊದಲಿನ ಲೆಕ್ಕ ಗೊತ್ತಿಲ್ಲದ ಇನ್ನೊಬ್ರು ಕನಿಷ್ಠ 20 ಸೆಲ್ ಮತ್ತೆ ಎಣಿಸ್ಬೇಕು, ಆಗ್ಲೂ ಹಾಗೇ ಬಂದ್ರೆ ಪಾಸಿಟಿವ್. ನಮ್ಮದನ್ನು ಯಾರೂ ಎರಡನೇ ಸಲ ಎಣಿಸಿರ್ಲೇ ಇಲ್ಲ! ಬಯಾಪ್ಸಿಯ ತುಂಡು ಮೇಣದಲ್ಲಿ ಇಟ್ಟ ಬ್ಲಾಕ್ ತಂದು ಕೊಟ್ಟು ಎಣಿಸಿದ್ಮೇಲೆ ಪಾಸಿಟಿವ್ ಬಂತು. ಕೀಮೋ ಜೊತೆಗೆ ಸಿಗ್ಬೇಕಿದ್ದ, ಹರ್ 2 ಪಾಸಿಟಿವ್ ಇದ್ದವ್ರಿಗೆ ಕೊಡುವ ಟ್ರಾಸ್ಟುಝುಮಾಬ್ ಇಂಜೆಕ್ಷನ್ ನಾಲ್ಕೂವರೆ ತಿಂಗಳು ತಡ ಆಯ್ತು, ಅದು ನೆನಪಾದ್ರೆ ನಂಗೆ ಈಗ್ಲೂ ಹೊಟ್ಟೆ ಉರೀತದೆ. ಹಾಗಂತ ಪಾಲಿಸೋಮಿ ಅಂತ ಬರೆದದ್ದೆಲ್ಲ ಪಾಸಿಟಿವ್ ಅಲ್ಲ, ರೇಶಿಯೋ 2ಕ್ಕಿಂತ, ಹರ್ 2 ಸರಾಸರಿ 4ಕ್ಕಿಂತ ಕಮ್ಮಿ ಇದ್ರೆ ಅದು ನೆಗೆಟಿವೇ.

ಇನ್ನೊಂದು ನೋವು ನೆಂಟರಿಂದ. ಕ್ರೋಮೋಸೋಮ್ ಸರಿ ಇಲ್ಲ ಅನ್ನುವ ಮಾತು ಹೊರಗೆ ಹೋಯ್ತು, ಯಾರೋ ಮೊಬೈಲಲ್ಲಿ ಹುಡುಕಿ ವಂಶದಲ್ಲಿ ಬರುವ ಸ್ತನ ಕ್ಯಾನ್ಸರಿಗೆ ಸಂಬಂಧಪಟ್ಟ ಬಿಆರ್‌ಸಿಎ 1 ಜೀನ್ ಕೂಡ 17ರಲ್ಲೇ ಇರುದು, ಇದು ವಂಶದ ರೋಗ ಅಂತ ಹಬ್ಬಿಸಿದ್ರು, ಅಕ್ಕನ ಮಗಳಿಗೆ ಬಂದ ಸಂಬಂಧ ಅಲ್ಲಿಗೇ ನಿಂತಿತು. ಈ ಪಾಲಿಸೋಮಿ ಗಡ್ಡೆಯ ಸೆಲ್ಲಲ್ಲಿ ಆದ ಬದಲಾವಣೆ ಮಾರಾಯ್ರೆ, ಅಮ್ಮನಿಂದ ಮಗಳಿಗೆ ಬರುವಂಥದ್ದಲ್ಲ. ಬಿಆರ್‌ಸಿಎ ರಕ್ತದಲ್ಲಿ ನೋಡುವ ಬೇರೆಯೇ ಟೆಸ್ಟ್, ಫಿಶ್‌ನಲ್ಲಿ ಅದು ಗೊತ್ತಾಗುದೇ ಇಲ್ಲ.

ರಿಪೋರ್ಟ್ ಕೈಗೆ ಬಂದ ದಿನವೇ ರೇಶಿಯೋ ಎಷ್ಟು, ಹರ್ 2 ಸರಾಸರಿ ಎಷ್ಟು, ಎಷ್ಟು ಸೆಲ್ ಎಣಿಸಿದ್ದು, ಎರಡನೆಯವ್ರು ನೋಡಿದ್ದಾರಾ ಅಂತ ಡಾಕ್ಟ್ರ ಹತ್ರ ಬಾಯಿಬಿಟ್ಟು ಕೇಳಿ, ಕೋಪ ಮಾಡ್ಕೊಂಡ್ರೂ ಪರವಾಗಿಲ್ಲ. ಡೌಟ್ ಇದ್ರೆ ಮೇಣದ ಬ್ಲಾಕ್ ಕೇಳಿ ತಗೊಂಡು ಬೇರೆ ಕಡೆ ತೋರಿಸಿ. ಅಕ್ಕನಿಗೆ ಈಗ ಮೂರು ವಾರಕ್ಕೊಂದು ಇಂಜೆಕ್ಷನ್, ನಡುವೆ ಹಾರ್ಟಿಗೆ ಎಕೋ, ಬರುವ ಸೋಮವಾರ ಒಂಬತ್ತನೇದು.