ಪಿತ್ತದ ಗಂಧೆ ಎಂದುಕೊಂಡು ನಾನು ಮಾಡಿದ ತಪ್ಪು: ಹೆಪಟೈಟಿಸ್ ಸಿ ಮಾತ್ರೆ ತೆಗೆದುಕೊಳ್ಳುತ್ತಿರುವವರು ದಯವಿಟ್ಟು ಓದಿ

ಮೈ ಕೆರೆತ ತಾಳಲಾರದೆ ನಾನು ಮೆಡಿಕಲ್ ಶಾಪಿನಿಂದ ತಂದು ನುಂಗಿದ ಮಾತ್ರೆ ನನ್ನ ಹೆಪಟೈಟಿಸ್ ಸಿ (ಲಿವರ್‌ಗೆ ತಗಲುವ ವೈರಸ್ ರೋಗ) ಚಿಕಿತ್ಸೆಯನ್ನೇ ಕೆಡಿಸಿತೇನೋ ಎಂಬ ಸಂಕಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಹನ್ನೆರಡು ವಾರ ಔಷಧಿ, ಆಮೇಲೆ ಹನ್ನೆರಡು ವಾರ ಕಾಯುವುದು, ಕೊನೆಗೆ ರಕ್ತ ಕೊಟ್ಟರೆ ವೈರಸ್ ಇನ್ನೂ ಇದೆ ಎಂಬ ರಿಪೋರ್ಟು. ಈಗ ಮತ್ತೆ ಶುರು ಮಾಡಿದ್ದೇನೆ, ಈ ಸಲ 24 ವಾರ. ಹತ್ತನೇ ವಾರ ನಡೆಯುತ್ತಿದೆ. ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಎಂದು ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ರೋಗ ಬಂದದ್ದು ಬಹುಶಃ 1996ರಲ್ಲಿ, ಎರಡನೇ ಹೆರಿಗೆಯಲ್ಲಿ. ರಕ್ತಸ್ರಾವ ನಿಲ್ಲದೆ ಎರಡು ಬಾಟಲಿ ರಕ್ತ ಹಾಕಿದ್ದರು. ದಾನದ ರಕ್ತಕ್ಕೆ ಹೆಪಟೈಟಿಸ್ ಸಿ ಪರೀಕ್ಷೆ ನಮ್ಮ ದೇಶದಲ್ಲಿ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕೂ ಮುಂಚೆ ರಕ್ತ ಹಾಕಿಸಿಕೊಂಡವರು ನಿಮ್ಮ ಮನೆಯಲ್ಲಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ. ನನಗೆ ಇಷ್ಟು ವರ್ಷ ಏನೂ ಗೊತ್ತಾಗಲಿಲ್ಲ. ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ಮಾಡಿದ ರಕ್ತಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಅಷ್ಟು ಹೊತ್ತಿಗೆ ಲಿವರ್ ಗಟ್ಟಿಯಾಗಿ ಸಿರೋಸಿಸ್ ಶುರುವಾಗಿತ್ತು. ವೈರಸ್ಸಿನ ಬಗೆ ಜೀನೋಟೈಪ್ 3. ಸೋಫೋಸ್ಬುವಿರ್, ವೆಲ್ಪಟಾಸ್ವಿರ್ ಎರಡೂ ಸೇರಿದ ಮಾತ್ರೆ ದಿನಕ್ಕೆ ಒಂದು. ಅದರ ಜೊತೆಗೆ ರೈಬಾವಿರಿನ್ 200 ಮಿಲಿಗ್ರಾಮಿನ ಕ್ಯಾಪ್ಸೂಲ್ ಬೆಳಿಗ್ಗೆ ಎರಡು, ರಾತ್ರಿ ಮೂರು. ಚೀಟಿ ಬರೆಯುವಾಗಲೇ ಡಾಕ್ಟರು ಹೇಳಿದ್ದರು, "ಅಮ್ಮಾ, ರೈಬಾವಿರಿನ್‌ಗೆ ಮೈ ಒಣಗುತ್ತೆ, ಕೆರೆತ ಬರಬಹುದು. ಬಂದರೆ ನನಗೆ ಫೋನ್ ಮಾಡಿ." ಆ ಮಾತು ನನ್ನ ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಇಳಿದಿರಲಿಲ್ಲ.

ಮೂರನೇ ವಾರ ಮೊಣಕಾಲ ಕೆಳಗೆ ಕೆರೆತ ಶುರುವಾಯಿತು. ಆಮೇಲೆ ಬಳೆ ಒತ್ತುವ ಜಾಗ, ಬೆನ್ನು, ಸೊಂಟದ ಸುತ್ತ. ಕೆಂಪು ಕೆಂಪು ಗಂಧೆ ಎದ್ದವು. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಹನ್ನೊಂದಾದ ಮೇಲೆ ಚರ್ಮದ ಒಳಗೆ ಇರುವೆ ಹರಿದ ಹಾಗೆ. ಬಾಚಣಿಗೆಯಲ್ಲಿ ಕೆರೆದುಕೊಂಡಿದ್ದೇನೆ, ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿದ್ದೇನೆ. ಬೆಳಿಗ್ಗೆ ಎದ್ದರೆ ಹಾಸಿಗೆಯ ಮೇಲೆ ರಕ್ತದ ಚುಕ್ಕೆ. ಈ ರೋಗ ಹರಡುವುದೇ ರಕ್ತದಿಂದ ಎಂಬುದನ್ನು ನೆನೆದು, ಆ ಹಾಸು ಸೊಸೆಯ ಕೈಗೆ ಸಿಗದ ಹಾಗೆ ನಾನೇ ಒಗೆಯುತ್ತಿದ್ದೆ.

ನಮ್ಮ ಕಡೆ ಮೈಮೇಲೆ ಗಂಧೆ ಎದ್ದರೆ ಯಾರೂ ಎರಡನೇ ಯೋಚನೆ ಮಾಡುವುದಿಲ್ಲ, ಅದು ಪಿತ್ತ. ನಮ್ಮ ಅತ್ತೆಯವರು ಕರಿ ಕಂಬಳಿ ತಂದು ಮೈ ಉಜ್ಜಿದರು. ಬೇವಿನ ಸೊಪ್ಪು ಕುದಿಸಿದ ಬಿಸಿನೀರಲ್ಲಿ ಸ್ನಾನ ಮಾಡಿಸಿದರು. ಬಿಸಿನೀರು ಮೈಮೇಲೆ ಬೀಳುವಾಗ ಸ್ವರ್ಗ. ಅರ್ಧ ಗಂಟೆಗೆ ಉರಿ ಎರಡು ಪಟ್ಟು. ಅವರ ಪ್ರೀತಿಯನ್ನು ನಾನು ಯಾವತ್ತೂ ತಪ್ಪೆನ್ನುವುದಿಲ್ಲ, ಆದರೆ ಒಣಗಿದ ಚರ್ಮಕ್ಕೆ ಕಂಬಳಿಯೂ ಸುಡುನೀರೂ ಶತ್ರು ಎಂದು ಆಗ ನಮಗ್ಯಾರಿಗೂ ತಿಳಿದಿರಲಿಲ್ಲ.

ನಿಜವಾದ ಅನಾಹುತ ಆದದ್ದು ಮೆಡಿಕಲ್ ಶಾಪಿನಲ್ಲಿ. ಅಲ್ಲಿದ್ದ ಹುಡುಗ ಕೈ ನೋಡಿ, "ಆಂಟಿ, ಪಿತ್ತದ ಗಂಧೆ ಇದು. ಹೊಟ್ಟೇಲಿ ಆಸಿಡಿಟಿ ಇಳಿದರೆ ತಾನಾಗೇ ಹೋಗುತ್ತೆ" ಎಂದು ಮೂರು ಸಾಮಾನು ಕೊಟ್ಟ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ 40 ಎಂಬ ಗ್ಯಾಸ್ ಮಾತ್ರೆ, ಹಚ್ಚಲು ಒಂದು ಟ್ಯೂಬು, ರಾತ್ರಿ ನಿದ್ದೆ ಬರುವ ಅಲರ್ಜಿ ಮಾತ್ರೆ. ಬೇರೆ ಏನಾದರೂ ಔಷಧಿ ತಗೋತಿದ್ದೀರಾ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅಕ್ಕಪಕ್ಕ ನಿಂತವರ ಎದುರು ಹೆಪಟೈಟಿಸ್ ಎನ್ನಲು ನಾಚಿಕೆಯಾಯಿತು.

ನಾವು ಪಿತ್ತ ಎನ್ನುವ ಒಂದೇ ಮಾತಿನಲ್ಲಿ ಎಷ್ಟೊಂದು ಬೇರೆ ಬೇರೆ ತೊಂದರೆಗಳನ್ನು ಕಟ್ಟಿಹಾಕಿದ್ದೇವೆ ನೋಡಿ. ಎದೆಯುರಿಯೂ ಪಿತ್ತ, ತಲೆಸುತ್ತೂ ಪಿತ್ತ, ಮೈಮೇಲಿನ ಗಂಧೆಯೂ ಪಿತ್ತ. ನನ್ನ ಗಂಧೆಗೂ ಹೊಟ್ಟೆಯ ಆಸಿಡ್‌ಗೂ ಸಂಬಂಧವೇ ಇರಲಿಲ್ಲ. ಆದರೆ ಆ ಆಸಿಡ್‌ಗೂ ನನ್ನ ಹೆಪಟೈಟಿಸ್ ಮಾತ್ರೆಗೂ ಸಂಬಂಧವಿತ್ತು! ವೆಲ್ಪಟಾಸ್ವಿರ್ ಹೊಟ್ಟೆಯಲ್ಲಿ ಕರಗಲು ಆಸಿಡ್ ಬೇಕು. ಗ್ಯಾಸ್ ಮಾತ್ರೆ ಆಸಿಡ್ ಇಳಿಸಿದರೆ ಅದು ರಕ್ತಕ್ಕೆ ಸೇರುವುದೇ ಕಡಿಮೆಯಾಗುತ್ತದೆ. ನಾನು ಬೆಳಿಗ್ಗೆ ಆರೂವರೆಗೆ ಗ್ಯಾಸ್ ಮಾತ್ರೆ, ಎಂಟು ಗಂಟೆಗೆ ಹೆಪಟೈಟಿಸ್ ಮಾತ್ರೆ ಎಂದು ಶಿಸ್ತಾಗಿ 26 ದಿನ ನುಂಗಿದ್ದೇನೆ. ಒಂದು ದಿನವೂ ತಪ್ಪಿಸಲಿಲ್ಲ.

ಟ್ಯೂಬು ಹಚ್ಚಿದ ಎರಡೇ ದಿನಕ್ಕೆ ಗಂಧೆ ಮಾಯವಾದವು, ದೇವರೇ ಕೊಟ್ಟ ಹಾಗಾಯಿತು. ಬಿಟ್ಟರೆ ಮತ್ತೆ, ಮೊದಲಿಗಿಂತ ಜೋರಾಗಿ. ಅದರಲ್ಲಿ ಕ್ಲೊಬೆಟಸಾಲ್ ಎಂಬ ತುಂಬಾ ತೀಕ್ಷ್ಣವಾದ ಸ್ಟೀರಾಯ್ಡ್ ಇತ್ತು, ಜೊತೆಗೆ ಹುಳುಕಡ್ಡಿ ಔಷಧಿ, ಆಂಟಿಬಯಾಟಿಕ್ ಎಲ್ಲಾ ಬೆರೆಸಿತ್ತು. ತೊಡೆಯ ಸಂದಿಯಲ್ಲಿ ನನ್ನ ಚರ್ಮ ತೆಳುವಾಗಿ ಗೀರು ಬಿದ್ದದ್ದು ಇನ್ನೂ ಹೋಗಿಲ್ಲ. ಟ್ಯೂಬೂ ಸಾಲದಾದಾಗ ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಮೂರು ಸಲ "ಅಲರ್ಜಿ ಇಂಜೆಕ್ಷನ್" ಹಾಕಿಸಿಕೊಂಡೆ. ಅದು ಡೆಕ್ಸಾಮೆಥಸೋನ್, ಅದೂ ಸ್ಟೀರಾಯ್ಡೇ. ಡಾಕ್ಲಾಟಾಸ್ವಿರ್ ಎಂಬ ಇನ್ನೊಂದು ಹೆಪಟೈಟಿಸ್ ಸಿ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಇಂಜೆಕ್ಷನ್ ಆ ಮಾತ್ರೆಯ ಬಲವನ್ನೇ ತಗ್ಗಿಸಬಲ್ಲದು ಎಂದು ಆಮೇಲೆ ತಿಳಿಯಿತು.

ಇಷ್ಟರ ಮೇಲೆ ಅಕ್ಕನ ಮಗ ಮೊಬೈಲಿನಲ್ಲಿ ಹುಡುಕಿ, ಹೆಪಟೈಟಿಸ್ ಸಿ ಔಷಧಿಯಿಂದ ಚರ್ಮ ಸುಲಿದು ಜನ ಸತ್ತಿದ್ದಾರಂತೆ ಎಂದು ಓದಿ ಹೇಳಿದ. ನಾನು ಹೆದರಿ ಒಂಬತ್ತು ದಿನ ರೈಬಾವಿರಿನ್ ನಿಲ್ಲಿಸಿಬಿಟ್ಟೆ. ಅವನು ಓದಿದ್ದು ಟೆಲಾಪ್ರೆವಿರ್ ಎಂಬ ಹಳೆಯ ಔಷಧಿಯ ಕಥೆ. 2011ರಲ್ಲಿ ಬಂದದ್ದು, ತೆಗೆದುಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಗಂಧೆ ಏಳುತ್ತಿತ್ತು, 2012ರಲ್ಲಿ ಅಮೆರಿಕದಲ್ಲಿ ಅದರ ಮೇಲೆ ಕಡು ಎಚ್ಚರಿಕೆ ಮುದ್ರಿಸಿದರು. ಈಗ ಅದು ಬಳಕೆಯಲ್ಲೇ ಇಲ್ಲ. ಹುಡುಕಿ ಓದುವುದಿದ್ದರೆ ನಿಮ್ಮ ಸ್ಟ್ರಿಪ್ಪಿನ ಮೇಲಿರುವ ಹೆಸರನ್ನೇ ಹುಡುಕಿ.

ಎಂಟನೇ ವಾರ ದೊಡ್ಡಾಸ್ಪತ್ರೆಗೆ ಹೋದಾಗ ಡಾಕ್ಟರು ಮನೆಯಲ್ಲಿರುವ ಮಾತ್ರೆಗಳನ್ನೆಲ್ಲಾ ಮೇಜಿನ ಮೇಲಿಡಿ ಎಂದರು. ಪ್ಯಾಂಟೊಪ್ರಜೋಲ್ ಸ್ಟ್ರಿಪ್ ಕೈಗೆತ್ತಿಕೊಂಡವರು ಸುಮಾರು ಹೊತ್ತು ಮಾತಾಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ರಾತ್ರಿಯ ನಿದ್ದೆ ಮಾತ್ರೆಯನ್ನೂ ನಿಲ್ಲಿಸಿದರು, ಸಿರೋಸಿಸ್ ಇದ್ದವರಿಗೆ ಅಂಥದ್ದರಿಂದ ತಲೆ ಮಂಕಾಗುವ ಅಪಾಯವಿದೆಯಂತೆ. ಹಿಮೋಗ್ಲೋಬಿನ್ 12.4 ಇದ್ದದ್ದು 9.6ಕ್ಕೆ ಇಳಿದಿತ್ತು. ರೈಬಾವಿರಿನ್ ಕೆಂಪು ರಕ್ತಕಣ ಒಡೆಯುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದದ್ದು ಅದಕ್ಕೇ.

ಕೊನೆಯ ರಿಪೋರ್ಟ್ ಬಂದ ದಿನ ನಾನು ನೇರವಾಗಿ ಕೇಳಿದೆ, ನನ್ನಿಂದಲೇ ಹೀಗಾಯಿತಾ ಎಂದು. "ಸರಿಯಾಗಿ ತಗೊಂಡರೂ ಕೆಲವರಿಗೆ ವಾಸಿ ಆಗಲ್ಲ ಅಮ್ಮಾ, ಗ್ಯಾಸ್ ಮಾತ್ರೆಯಿಂದಲೇ ಅಂತ ನಾನು ಹೇಳಲಾರೆ. ಅದರಿಂದ ಅಲ್ಲ ಅಂತಲೂ ಹೇಳಲಾರೆ" ಎಂದರು.

ಈ ಸಲವೂ ಕೆರೆತ ಇದೆ. ಎರಡನೇ ವಾರಕ್ಕೇ ಫೋನ್ ಮಾಡಿದೆ. ಚರ್ಮದ ಡಾಕ್ಟರು ನೋಡಿ ಸೌಮ್ಯವಾದ ಒಂದು ಮುಲಾಮು, ಮಂಪರು ತರದ ಅಲರ್ಜಿ ಮಾತ್ರೆ ಬರೆದರು, ಲಿವರ್ ಡಾಕ್ಟರನ್ನು ಕೇಳಿಯೇ ಬರೆದರು. ನಿಜವಾಗಿ ಕೆಲಸ ಮಾಡಿದ್ದು ಮಾತ್ರ ತೀರಾ ಸಾದಾ ವಿಷಯಗಳು. ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷದ ಸ್ನಾನ, ಮೈ ಉಜ್ಜದೆ ಟವೆಲ್ ಒತ್ತಿ ಒರೆಸಿಕೊಂಡು ಪಸೆ ಆರುವ ಮುಂಚೆಯೇ ವಾಸನೆಯಿಲ್ಲದ ಮಾಯಿಶ್ಚರೈಸರ್. ಅದು ಮುಗಿದಾಗ ಕೊಬ್ಬರಿ ಎಣ್ಣೆ. ಹಳೆಯ ಕಾಟನ್ ಸೀರೆ. ಕೆರೆತ ಎದ್ದ ಜಾಗಕ್ಕೆ ತಣ್ಣೀರ ಬಟ್ಟೆ. ಉಗುರು ಮೋಟಾಗಿ ಕತ್ತರಿಸಿಕೊಳ್ಳುತ್ತೇನೆ. ನನ್ನ ನೇಲ್ ಕಟರ್, ಬಾಚಣಿಗೆ ಬೇರೆಯೇ ಇವೆ. ಅತ್ತಿಗೆ ತಂದುಕೊಟ್ಟ ಅಮೃತಬಳ್ಳಿ ಕಷಾಯವನ್ನು ಕೈಮುಗಿದು ಬೇಡವೆಂದೆ. ಅದನ್ನು ಕುಡಿದವರಲ್ಲಿ ಲಿವರ್‌ಗೆ ಪೆಟ್ಟಾದದ್ದನ್ನು ಮುಂಬೈಯ ವೈದ್ಯರು 2021ರಲ್ಲೇ ವರದಿ ಮಾಡಿದ್ದಾರೆ.

ಫೋನ್ ಮಾಡುತ್ತಾ ಕೂರದೆ ಆಸ್ಪತ್ರೆಗೇ ಓಡಬೇಕಾದ ಗಂಧೆಯೂ ಇದೆ. ಜ್ವರ ಜೊತೆಗಿದ್ದರೆ, ಬಾಯಿ ಅಥವಾ ಕಣ್ಣಲ್ಲಿ ಹುಣ್ಣಾದರೆ, ಗುಳ್ಳೆ ಎದ್ದು ಚರ್ಮ ಸುಲಿದರೆ, ಮುಖ ಊದಿದರೆ, ಉಸಿರು ಕಟ್ಟಿದರೆ ರಾತ್ರಿಯೆಂದು ನೋಡಬೇಡಿ. ಕಣ್ಣು ಹಳದಿಯಾಗಿ ಕೆರೆತ ಹೆಚ್ಚಿದರೆ ಅದು ಲಿವರಿನದೇ ಮಾತು. ಕಾಲಿನ ಮೇಲೆ ಒತ್ತಿದರೂ ಮಾಸದ ನೇರಳೆ ಚುಕ್ಕೆ ಎದ್ದರೂ ತೋರಿಸಿ, ಈ ವೈರಸ್ಸೇ ರಕ್ತನಾಳಗಳನ್ನು ಕೆಣಕಿ ಹಾಗೆ ಮಾಡುವುದುಂಟು.

ದುಡ್ಡಿಗೆ ಹೆದರಿ ಮೆಡಿಕಲ್ ಶಾಪಿನಲ್ಲೇ ಮುಗಿಸುವವರಿಗೆ ಒಂದು ಮಾತು: 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಮಾತ್ರೆಗಳು ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಉಚಿತ. ನನ್ನ ಎರಡನೇ ಸುತ್ತು ಅಲ್ಲೇ ನಡೆಯುತ್ತಿದೆ.

ಸೊಸೆ ಒಂದು ರಟ್ಟಿನ ತುಂಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು ನನ್ನ ಪರ್ಸಿನಲ್ಲಿಟ್ಟಿದ್ದಾಳೆ: "ಇವರು ಹೆಪಟೈಟಿಸ್ ಸಿ ಚಿಕಿತ್ಸೆಯಲ್ಲಿದ್ದಾರೆ. ಡಾಕ್ಟರನ್ನು ಕೇಳದೆ ಗ್ಯಾಸ್ ಮಾತ್ರೆ, ಸ್ಟೀರಾಯ್ಡ್, ಇಂಜೆಕ್ಷನ್ ಕೊಡಬೇಡಿ." ಕೆಳಗೆ ಡಾಕ್ಟರ ನಂಬರು. ಹೋದ ವಾರ ಹಲ್ಲುನೋವಿಗೆಂದು ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಬಾಯಲ್ಲಿ ಹೇಳಲು ಮತ್ತೆ ಸಂಕೋಚವಾಯಿತು. ಆ ರಟ್ಟನ್ನು ತೆಗೆದು ಕೈಗೆ ಕೊಟ್ಟೆ. ಅವರು ಪೂರ್ತಿ ಓದಿ, ಬರೆಯುತ್ತಿದ್ದ ಚೀಟಿಯಲ್ಲಿ ಒಂದು ಸಾಲು ಹೊಡೆದುಹಾಕಿದರು.