ಅರವತ್ತೈದರ ಸಾಲ: ಚಿನ್ನವೋ, ಸೈಟೋ, ಒಪ್ಪಂದವೋ?

ನಿವೃತ್ತ ತಂದೆಯ ಮೇಲೆ ಕ್ರೆಡಿಟ್ ಕಾರ್ಡ್ ಮತ್ತು ವೈಯಕ್ತಿಕ ಸಾಲ ಸೇರಿ ಎಂಟು ಲಕ್ಷವಿದೆ, ಚಿನ್ನ ಅಡವಿಡುವುದೋ, ಸೈಟು ಮಾರುವುದೋ, ಬ್ಯಾಂಕಿನೊಡನೆ ಒಂದೇ ಕಂತಿನ ಒಪ್ಪಂದವೋ ಎಂದು ಕೇಳಿದ್ದೀರಿ.

ಬಡ್ಡಿಯಿಂದ ಶುರು ಮಾಡೋಣ. ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ 3ಕ್ಕೂ ಹೆಚ್ಚು ಬೀಳುವುದುಂಟು. ‘ಕನಿಷ್ಠ ಮೊತ್ತ’ವನ್ನಷ್ಟೇ ಕಟ್ಟುತ್ತಿದ್ದರೆ ಅಸಲು ಕದಲುವುದೇ ಕಷ್ಟ. ಬ್ಯಾಂಕಿನ ಚಿನ್ನದ ಸಾಲಕ್ಕೆ ಬಡ್ಡಿ ಇದಕ್ಕಿಂತ ಬಹಳ ಕಡಿಮೆ. ಪಿಂಚಣಿಯಲ್ಲಿ ಔಷಧಿ, ದಿನಸಿ ಕಳೆದು ಕಂತಿಗೆ ಉಳಿಯುತ್ತದೆ ಎಂದಾದರೆ ಇದೇ ಸಲೀಸು. ಉಳಿಯದಿದ್ದರೆ ಅಮ್ಮನ ಬಳೆ ಹರಾಜಿಗೆ ಹೋಗುತ್ತದೆ, ಅಷ್ಟೇ.

ಸೈಟು ಮಾರಿದರೆ ಸಾಲ ಬುಡಸಮೇತ ತೀರುತ್ತದೆ. ಆದರೆ ಲಾಭದ ಮೇಲೆ ತೆರಿಗೆಯಿದೆ, ಗಿರಾಕಿಗೆ ತಿಂಗಳುಗಟ್ಟಲೆ ಕಾಯಬೇಕಾದೀತು. ಖಾಲಿ ಸೈಟಾದರೆ ನಾನು ಮಾರುವ ಪರ. ವಾಸದ ಮನೆಯಾದರೆ ಅಲ್ಲ.

ಒಪ್ಪಂದದಲ್ಲಿ ಬಾಕಿಯ ಒಂದು ಪಾಲು ಮನ್ನಾ ಆಗಬಹುದು. ಸಾಲದ ದಾಖಲೆಯಲ್ಲಿ ‘ಸೆಟಲ್ಡ್’, ಅಂದರೆ ಪೂರ್ತಿ ಕಟ್ಟದೆ ಮುಗಿಸಿದ್ದು ಎಂಬ ಕಲೆ ಉಳಿಯುತ್ತದೆ, ಆದರೆ ಇನ್ನು ಸಾಲವೇ ಬೇಡದ ಹಿರಿಯರಿಗೆ ಅದರಿಂದೇನು ನಷ್ಟ? ಆಸ್ತಿಯಿಲ್ಲದೆ, ಕಂತು ತಪ್ಪಿ ಹಲವು ತಿಂಗಳಾದವರಿಗೆ ಇದೇ ದಾರಿ. ಒಪ್ಪಂದದ ಪತ್ರ ಕೈಗೆ ಬರುವ ಮುನ್ನ ಹಣ ಕಟ್ಟಬೇಡಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಸರ್ಕಾರಿ ಪಿಂಚಣಿಯನ್ನು ಇಂಥ ಸಾಲಕ್ಕೆ ಜಪ್ತಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಬಿಡುವುದಿಲ್ಲ; ತಂದೆಗೆ ಇದನ್ನು ಇವತ್ತೇ ತಿಳಿಸಿ.